ಸಿಲ್ವರ್ ಓಕ್ ಡ್ರಾಯರ್‌ಗೆ ಡವ್‌ಟೇಲ್ ಜಿಗ್: ಮೂಲೆ ಸಡಿಲ, ಪಕ್ಕದ ಹಲಗೆ ಹೊರಗೆ ನಿಲ್ತಿದೆ, ಮೊದಲು ಏನನ್ನ ತಿರುಗಿಸ್ಬೇಕು?

ಗೋಣಿಕೊಪ್ಪ ತೋಟದವ:

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಹತ್ತಿರ ನಮ್ಮದು ಕಾಫಿ ತೋಟ. ಹಿಂದೆ ಮಳೆಗಾಲದ ಗಾಳಿಗೆ ಬಿದ್ದ ಸಿಲ್ವರ್ ಓಕ್ ದಿಮ್ಮಿಗಳನ್ನ ಸಾಮಿಲ್‌ಗೆ ಹಾಕಿ ಒಂದಿಂಚಿನ ಹಲಗೆ ಮಾಡಿಸಿ ಇಟ್ಟಿದ್ದೆ. ಈಗ ಅದರಲ್ಲಿ ಅಮ್ಮನಿಗೆ ಒಂದು ನಾಲ್ಕು ಡ್ರಾಯರಿನ ಪೆಟ್ಟಿಗೆ ಮಾಡ್ತಾ ಇದ್ದೀನಿ. ಮೊಳೆ ಹೊಡೆದ ಡ್ರಾಯರ್ ಬೇಡ, ಮೂಲೆಗೆ ಡವ್‌ಟೇಲೇ (ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳೋ ಜೋಡಣೆ) ಬೇಕು ಅಂತ ಆಸೆ.

ನನ್ನ ಹತ್ತಿರ ಇರೋದು 12 ಇಂಚಿನ ಸಾಧಾರಣ ಜಿಗ್ (ಹಲಗೆ ಬಿಗಿದು, ಮೇಲೆ ಬೆರಳುಗಳಿರೋ ಟೆಂಪ್ಲೇಟ್ ಇಟ್ಟು, ರೌಟರ್ ಅನ್ನೋ ಕೊರೆಯೋ ಮಿಷನ್ ಓಡಿಸೋ ಸಾಧನ), ಮುಂದಿನಿಂದ ಜೋಡಣೆ ಕಾಣದ ತರಹದ್ದು. ರೌಟರ್‌ಗೆ ಅರ್ಧ ಇಂಚಿನ, 14 ಡಿಗ್ರಿಯ ಡವ್‌ಟೇಲ್ ಬಿಟ್. ಜಿಗ್‌ನ ಪುಸ್ತಕದಲ್ಲಿ 7/16 ಇಂಚಿನ ಗೈಡ್ ಬುಷ್ (ಬಿಟ್ ಸುತ್ತ ಕೂತು ಟೆಂಪ್ಲೇಟಿನ ಬೆರಳಿಗೆ ತಾಗಿಕೊಂಡು ಓಡೋ ಬಳೆ) ಹಾಕಿ ಅಂತ ಇದೆ, ಅದು ಸಿಗಲಿಲ್ಲ, 11 ಮಿಮೀದು ಹಾಕಿದೀನಿ.

ಚೂರು ಹಲಗೆಗಳಲ್ಲಿ ಕತ್ತರಿಸಿ ನೋಡಿದಾಗ ಹೀಗಾಗ್ತಿದೆ. ಜೋಡಣೆ ಸಡಿಲ, ಕೈಯಲ್ಲಿ ಅಲ್ಲಾಡಿಸಿದ್ರೆ ಅಲ್ಲಾಡುತ್ತೆ. ಪಕ್ಕದ ಹಲಗೆ ಮುಂಭಾಗದ ಹಲಗೆಯ ತುದಿಯಿಂದ ಸುಮಾರು ಒಂದು ಮಿಮೀ ಹೊರಗೆ ನಿಲ್ಲುತ್ತೆ. ಪಕ್ಕದ ಹಲಗೆಯ ಒಳಮುಖದಲ್ಲಿ ಚಕ್ಕೆ ಎದ್ದು ಬರ್ತಿದೆ. ಇನ್ನು ಮೇಲಿನ ಅಂಚಿನಲ್ಲಿ ಅರ್ಧ ಹಲ್ಲು ಬಂದ್ರೆ ಕೆಳಗಿನ ಅಂಚಿನಲ್ಲಿ ಎಳೆಯಷ್ಟು ತೆಳು ಹಲ್ಲು ಬರುತ್ತೆ. ಡ್ರಾಯರಿನ ಎತ್ತರ 125 ಮಿಮೀ.

ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡ್ತಿದೆ. ಯಾವುದನ್ನ ಮೊದಲು ಹಿಡೀಬೇಕು? ಬುಷ್ ಬದಲಾಯಿಸಲೇಬೇಕಾ?

ಕುಶಾಲನಗರ ವರ್ಕ್‌ಶಾಪ್:

ಬುಷ್ ಬದಲಾಯಿಸೋದು ಬೇಡ. ಜಿಗ್ ಕೂಡ ಸರಿಯಾಗೇ ಇದೆ. ನೀವು ಬರೆದ ನಾಲ್ಕು ತೊಂದರೆಗೆ ನಾಲ್ಕು ಬೇರೆ ಕಾರಣ, ನಾಲ್ಕು ಬೇರೆ ಪರಿಹಾರ. ಒಂದರ ಪರಿಹಾರ ಇನ್ನೊಂದನ್ನ ಮುಟ್ಟೋದೇ ಇಲ್ಲ. ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಕತ್ತರಿಸಿ, ಜೋಡಿಸಿ ನೋಡಿ, ಅದು ಸರಿಯಾದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಡವ್‌ಟೇಲ್ ಜಿಗ್ ಬೇಸರ ಹುಟ್ಟಿಸಿ ಮೂಲೆ ಸೇರೋದು ಈ ಕ್ರಮ ತಪ್ಪಿದಾಗಲೇ. ಅಷ್ಟು ಒಳ್ಳೆ ಉಪಕರಣ ಹಾಗೆ ಧೂಳು ತಿನ್ನೋದನ್ನ ನೋಡಿದರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಜಿಗ್ ಮುಟ್ಟೋ ಮೊದಲು ಹಲಗೆ ನೋಡಿ. ಪಕ್ಕದ ಹಲಗೆಗಳೆಲ್ಲ ಒಂದೇ ದಪ್ಪ ಇರಬೇಕು, ವರ್ನಿಯರ್ ಹಿಡಿದು ನೋಡಿದರೆ ಕಾಲು ಮಿಮೀ ಒಳಗೇ ವ್ಯತ್ಯಾಸ. ತುದಿಗಳು ಮೂಲೆಮಟ್ಟಕ್ಕೆ ಸರಿಯಾಗಿ ಕೂರಬೇಕು. ಡೊಂಕು ಹಲಗೆಯನ್ನ ಕ್ಲಾಂಪ್ ಬಿಗಿದು ನೇರ ಮಾಡಿದರೆ ಬಿಚ್ಚಿದ ತಕ್ಷಣ ಅದು ತನ್ನ ಡೊಂಕಿಗೆ ವಾಪಸ್ ಹೋಗುತ್ತೆ, ಜೋಡಣೆ ಕೂರಲ್ಲ. ಪರೀಕ್ಷೆಗೆ ಬಳಸೋ ಚೂರುಗಳೂ ಅದೇ ಸಿಲ್ವರ್ ಓಕಿನ ಅದೇ ದಪ್ಪದ ತುಂಡುಗಳೇ ಆಗಿರಲಿ. ಪ್ಲೈವುಡ್ಡಿನ ಚೂರಲ್ಲಿ ಸೆಟ್ ಮಾಡಿ ಮರಕ್ಕೆ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಹಲಗೆ ಕೂರಿಸೋ ರೀತಿ: ಡ್ರಾಯರಿನ ಮುಂಭಾಗದ ಹಲಗೆ ಮೇಲೆ ಅಡ್ಡಕ್ಕೆ ಮಲಗುತ್ತೆ, ಪಕ್ಕದ ಹಲಗೆ ನಿಮ್ಮ ಎದುರಿಗೆ ನೆಟ್ಟಗೆ ನಿಲ್ಲುತ್ತೆ. ಎರಡರದ್ದೂ ಡ್ರಾಯರಿನ ಒಳಮುಖವೇ ನಿಮಗೆ ಕಾಣ್ತಾ ಇರಬೇಕು. ಮೊದಲು ನೆಟ್ಟಗಿನ ಹಲಗೆಯನ್ನ ಸ್ವಲ್ಪ ಮೇಲಕ್ಕೆ ಬಿಟ್ಟು ಬಿಗಿಯಿರಿ, ಮಲಗೋ ಹಲಗೆಯನ್ನ ಅದಕ್ಕೆ ಒತ್ತಿ ಬಿಗಿಯಿರಿ, ಆಮೇಲೆ ನೆಟ್ಟಗಿನದನ್ನ ಸಡಿಲಿಸಿ ಎರಡೂ ಒಂದೇ ಮಟ್ಟಕ್ಕೆ ಬರೋ ಹಾಗೆ ಇಳಿಸಿ. ಬೆರಳ ತುದಿ ಆಡಿಸಿದರೆ ಮೆಟ್ಟಿಲು ತಾಗಬಾರದು. ಟೆಂಪ್ಲೇಟ್ ಎರಡರ ಮೇಲೂ ಸಪಾಟಾಗಿ ಕೂರಬೇಕು. ನಿಮ್ಮದು 125 ಮಿಮೀ ಹಲಗೆ, ಜಿಗ್ 12 ಇಂಚಿನದು, ಅಂದರೆ ಒಂದು ಬದಿ ಮಾತ್ರ ತುಂಬುತ್ತೆ. ಇನ್ನೊಂದು ಬದಿಗೆ ಅದೇ ದಪ್ಪದ ಚೂರುಗಳನ್ನ ಇಡದಿದ್ದರೆ ಕ್ಲಾಂಪಿನ ಪಟ್ಟಿ ಓರೆಯಾಗಿ ಹಿಡಿಯುತ್ತೆ.

ಈಗ ಸಡಿಲ. ಬಿಗಿ-ಸಡಿಲ ಎರಡೂ ಬಿಟ್‌ನ ಆಳದಲ್ಲಿ ಮಾತ್ರ ಇದೆ, ಬೇರೆಲ್ಲೂ ಇಲ್ಲ. ಬಿಟ್ ಕೆಳಗಿಳಿಸಿದರೆ ಬಿಗಿ, ಮೇಲೇರಿಸಿದರೆ ಸಡಿಲ. ಯಾಕೆ ಅಂದರೆ ಗೂಡಿನ (ಮುಂಭಾಗದ ಹಲಗೆಯಲ್ಲಿ ಕೊರೆದ ಕುಳಿ) ತಳದ ಅಗಲ ಬಿಟ್‌ನ ತುದಿಯ ಅಗಲದಿಂದ ಬರುತ್ತೆ, ಆಳ ಎಷ್ಟಾದರೂ ಅದು ಬದಲಾಗಲ್ಲ. ಆದರೆ ಬಾಲದ (ಪಕ್ಕದ ಹಲಗೆಯ ತುದಿಯಲ್ಲಿ ಉಳಿದು ಗೂಡಿಗೆ ಕೂರೋ ಭಾಗ) ತುದಿಯ ಅಗಲ ಆಳದ ಜೊತೆ ಬೆಳೆಯುತ್ತೆ. 14 ಡಿಗ್ರಿಗೆ ಲೆಕ್ಕ ಹಾಕಿದರೆ ಬಿಟ್ ಅರ್ಧ ಮಿಮೀ ಇಳಿಸಿದಾಗ ಜೋಡಣೆ ಕಾಲು ಮಿಮೀ ಬಿಗಿಯಾಗುತ್ತೆ. ನಿಮ್ಮ 11 ಮಿಮೀ ಬುಷ್ ವಿಷಯವೂ ಇಲ್ಲೇ ಬಗೆಹರಿಯುತ್ತೆ. 7/16 ಇಂಚು ಅಂದರೆ 11.1 ಮಿಮೀ. ನಿಮ್ಮದು ಆ 0.1 ಚಿಕ್ಕದಿರೋದರಿಂದ ಗೂಡು 0.1 ಅಗಲ, ಬಾಲ 0.1 ಕಿರಿದು, ಒಟ್ಟು 0.2 ಸಡಿಲ. ಬಿಟ್ 0.4 ಮಿಮೀ ಇಳಿಸಿ, ಮುಗಿಯಿತು. 12 ಮಿಮೀ ಬುಷ್ ಆಗಿದ್ದರೆ ಈ ಮಾತು ಹೇಳ್ತಿರಲಿಲ್ಲ, ಅಷ್ಟು ವ್ಯತ್ಯಾಸವನ್ನ ಆಳದಲ್ಲಿ ಸರಿದೂಗಿಸೋಕೆ ಆಗಲ್ಲ. ಟೆಂಪ್ಲೇಟಿನ ಅಡಿಯಿಂದ ಬಿಟ್ 9 ರಿಂದ 10 ಮಿಮೀ ಇಣುಕೋ ಹಾಗೆ ಶುರು ಮಾಡಿ, ಅಲ್ಲಿಂದ ಕೂದಲೆಳೆಯಷ್ಟು ಇಳಿಸ್ತಾ ಹೋಗಿ. ಅಂಟು ಹಾಕದೆ ಕೈಯಲ್ಲಿ ಒತ್ತಿದರೆ ಅರ್ಧಕ್ಕಿಂತ ಹೆಚ್ಚು ಕೂತು, ಉಳಿದದ್ದಕ್ಕೆ ಮರದ ಸುತ್ತಿಗೆಯ ಮೆಲ್ಲನೆ ಏಟು ಬೇಕು ಅನ್ನೋ ಹಾಗಿರಲಿ. ಇದಕ್ಕಿಂತ ಬಿಗಿಯಾದರೆ ಅಂಟು ಹಾಕಿದಾಗ ಮರ ಊದಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತೆ, ಸಿಲ್ವರ್ ಓಕ್ ಆದರೆ ಮೂಲೆ ಸೀಳುತ್ತೆ.

ಬಿಗಿ ಸರಿಯಾದ ಮೇಲೆ ರೌಟರಿನ ಆಳವನ್ನ ಭದ್ರ ಮಾಡಿ, ಮರೆತುಬಿಡಿ. ಈಗ ಟೆಂಪ್ಲೇಟ್. ಪಕ್ಕದ ಹಲಗೆ ಹೊರಗೆ ನಿಲ್ತಿದೆ ಅಂದರೆ ಗೂಡು ಒಳಕ್ಕೆ ಸಾಲದು, ಟೆಂಪ್ಲೇಟನ್ನ ನಿಮ್ಮಿಂದ ಆಚೆ ಹಿಂದಕ್ಕೆ ಸರಿಸಿ. ಒಳಕ್ಕೆ ಹೋಗಿ ಕೂತರೆ ಟೆಂಪ್ಲೇಟನ್ನ ನಿಮ್ಮ ಕಡೆಗೆ ಎಳೆಯಿರಿ. ಎಷ್ಟು ಹೊರಗಿದೆಯೋ ಅಷ್ಟೇ ಸರಿಸೋದು, ನಿಮ್ಮದು ಒಂದು ಮಿಮೀ ಇದ್ದರೆ ಒಂದೇ ಮಿಮೀ. ಎಡ ಬಲ ಎರಡೂ ತುದಿಯಲ್ಲಿ ಸಮ ಸರಿಸಬೇಕು, ಸ್ಕೇಲ್ ಇಟ್ಟು ನೋಡಿ.

ಹಲ್ಲಿನ ಹಂಚಿಕೆಗೆ ಜಿಗ್ ಏನೂ ಮಾಡಲಾರದು, ಡ್ರಾಯರಿನ ಎತ್ತರ ಬದಲಿಸಬೇಕು. ಈ ತರಹದ ಹೆಚ್ಚಿನ ಜಿಗ್‌ಗಳಲ್ಲಿ ಒಂದು ಹಲ್ಲಿನ ಮಧ್ಯದಿಂದ ಮುಂದಿನದರ ಮಧ್ಯಕ್ಕೆ 7/8 ಇಂಚು, ಅಂದರೆ 22.2 ಮಿಮೀ. ನಿಮ್ಮ ಟೆಂಪ್ಲೇಟಲ್ಲಿ ಅಳೆದು ಖಾತ್ರಿ ಮಾಡಿಕೊಳ್ಳಿ. ಎತ್ತರ ಇದರ ಪೂರ್ತಿ ಮಡಿಯಾಗಿದ್ದರೆ ಎರಡೂ ಅಂಚಿಗೆ ಸಮ ಅರ್ಧ ಹಲ್ಲು ಬರುತ್ತೆ. 111, 133, 155 ಹೀಗೆ. 125 ಎಲ್ಲಿಗೂ ಸೇರಲ್ಲ. 133ಕ್ಕೆ ಹಲಗೆ ಅಗಲ ಸಾಕಾಗುತ್ತಾ ನೋಡಿ, ಇಲ್ಲದಿದ್ದರೆ 111ಕ್ಕೆ ಇಳಿಸಿ. ಡ್ರಾಯರಿನ ಲೆಕ್ಕ ಜಿಗ್ ನೋಡಿ ಮಾಡಬೇಕು, ಪೆಟ್ಟಿಗೆಯ ಲೆಕ್ಕ ಡ್ರಾಯರ್ ನೋಡಿ.

ಚಕ್ಕೆಗೆ: ಮೊದಲು ಪಕ್ಕದ ಹಲಗೆಯ ಮುಖದ ಮೇಲೆ ಬಲದಿಂದ ಎಡಕ್ಕೆ ಒಂದು ಮಿಮೀ ಆಳಕ್ಕೆ ಮಾತ್ರ ತೇಲಿಸಿಕೊಂಡು ಹೋಗಿ. ಇದು ಬಿಟ್ ತಿರುಗೋ ದಿಕ್ಕಿನ ಜೊತೆಗೇ ಹೋಗೋ ಕತ್ತರಿಕೆ, ರೌಟರ್ ಕೈಯಿಂದ ಜಾರಿ ಓಡೋಕೆ ನೋಡುತ್ತೆ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯಿರಿ. ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಬೆರಳಿನ ನಡುವೆ ಒಳಗೆ ಹೊರಗೆ. ನಾರು ಮೊದಲೇ ಕತ್ತರಿಸಿ ಹೋಗಿರೋದರಿಂದ ಮೇಲೆದ್ದು ಬರಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ಕತ್ತರಿಸೋವಾಗ ರೌಟರನ್ನ ಮೇಲಕ್ಕೆ ಎತ್ತಲೇಬೇಡಿ. ಬಿಟ್ ತುದಿ ಅಗಲ, ಮೇಲೆ ಕಿರಿದು. ಎತ್ತಿದರೆ ಬಾಲವೂ ಹೋಗುತ್ತೆ, ಟೆಂಪ್ಲೇಟಿನ ಬೆರಳೂ ಹೋಗುತ್ತೆ. ನಿಮ್ಮ ಕಡೆಗೆ ಪೂರ್ತಿ ಎಳೆದು, ಸ್ವಿಚ್ ಆರಿಸಿ, ತಿರುಗೋದು ನಿಂತ ಮೇಲೆಯೇ ಎತ್ತಿ. ಕರೆಂಟ್ ಹೋದಾಗಲೂ ಇದೇ. ನಮ್ಮ ಕಡೆ ಮಳೆಗಾಲದಲ್ಲಿ ಮಧ್ಯದಲ್ಲೇ ಕರೆಂಟ್ ಹೋಗೋದು ಮಾಮೂಲಿ. ಅದು ವಾಪಸ್ ಬರೋ ಮೊದಲು ರೌಟರಿನ ಸ್ವಿಚ್ ಆರಿಸಿರಿ.

ಸೋಮವಾರಪೇಟೆಯವಳು:

ಅಣ್ಣ ಎಲ್ಲಾ ಹೇಳಿದಾರೆ, ನಂದೊಂದು ಸಣ್ಣ ಸೇರ್ಪಡೆ. ಬಿಟ್ ಅಗಲ 12.7 ಮಿಮೀ, ಬುಷ್ ಹೊರ ಅಳತೆಯೇ 11. ಅಂದ್ರೆ ಬಿಟ್ ಬುಷ್ ಒಳಗೆ ತೂರಲ್ಲ. ಮೊದಲು ಬುಷ್ ಕೂರಿಸಿ, ಆಮೇಲೆ ಬಿಟ್‌ನ ದಂಡವನ್ನ ಕೆಳಗಿನಿಂದ ಬುಷ್ ಮೂಲಕ ಹಾಕಿ ಬಿಗೀಬೇಕು. ಆಳ ಕಡಿಮೆ ಮಾಡೋಕೆ ಅಂತ ಬಿಟ್ ಮೇಲೆಳೆದಾಗ ಕಾರ್ಬೈಡ್ ಬುಷ್‌ಗೆ ತಾಗದ ಹಾಗೆ ನೋಡ್ಕೊಳ್ಳಿ. ಸ್ವಿಚ್ ಹಾಕೋ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡೋದು ಒಳ್ಳೇದು, ಪ್ಲಗ್ ಕಿತ್ತು.

ಕಾಲೆಟ್ (ರೌಟರ್‌ನಲ್ಲಿ ಬಿಟ್‌ನ ದಂಡ ಹಿಡಿಯೋ ಭಾಗ) ಕೂಡ ನೋಡಿ. ಇಲ್ಲಿ ಸಿಗೋ ರೌಟರ್‌ಗಳಲ್ಲಿ 6 ಮಿಮೀ, 6.35 ಮಿಮೀ, 8 ಮಿಮೀ, 12.7 ಮಿಮೀ ಎಲ್ಲಾ ಇವೆ. ಕಾಲು ಇಂಚು ಅಂದ್ರೆ 6.35. ಅದ್ರಲ್ಲಿ 6 ಮಿಮೀ ದಂಡ ಹಾಕಿದ್ರೆ ಬಿಗಿದ ಹಾಗೆ ಕಾಣುತ್ತೆ, ಓಡೋವಾಗ ನಿಧಾನಕ್ಕೆ ಕೆಳಗೆ ಜಾರುತ್ತೆ. ಮೊದಲ ಮೂಲೆ ಸರಿ, ನಾಲ್ಕನೇ ಮೂಲೆ ವಿಪರೀತ ಬಿಗಿ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳೋದು ಇದನ್ನೇ. ಡವ್‌ಟೇಲ್ ಪೂರ್ತಿ ಆಳವನ್ನ ಒಂದೇ ಸಲ ಕತ್ತರಿಸ್ಬೇಕಾಗುತ್ತೆ, ಮೆಲ್ಲಮೆಲ್ಲ ಇಳಿಸೋಕೆ ಆಗಲ್ಲ, ಹಾಗಾಗಿ ದಂಡದ ಮೇಲೆ ಭಾರ ಜಾಸ್ತಿ. ರೌಟರ್ ಒಪ್ಪೋದಾದ್ರೆ 8 ಮಿಮೀ ದಂಡದ ಬಿಟ್ ತಗೊಳ್ಳಿ.

ಸಿಲ್ವರ್ ಓಕ್ ಹುಡಿ ಕೆಲವರ ಮೈಗೆ ಆಗಲ್ಲ, ತುರಿಕೆ, ದದ್ದು ಬರುತ್ತೆ. ಮಾಸ್ಕ್ ಜೊತೆ ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ.

ಗೋಣಿಕೊಪ್ಪ ತೋಟದವ:

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಕ್ರಮದಲ್ಲೇ ಮಾಡಿದೆ. ಬಿಟ್ ಸ್ವಲ್ಪ ಇಳಿಸಿದ ಮೇಲೆ ಮರದ ಸುತ್ತಿಗೆಯ ಏಟಿಗೆ ಚೆನ್ನಾಗಿ ಕೂತಿತು. ಟೆಂಪ್ಲೇಟ್ ಹಿಂದಕ್ಕೆ ಸರಿಸಿದ ಮೇಲೆ ಸಮ ಬಂತು. ಬಲದಿಂದ ಎಡಕ್ಕೆ ತೇಲಿಸಿದ ಮೇಲೆ ಚಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಂತಿದೆ. ಎತ್ತರ 133 ಇಟ್ಟೆ, ಈಗ ಎರಡೂ ಅಂಚಿಗೆ ಅರ್ಧ ಹಲ್ಲು ಸಮ ಬಂದಿದೆ, ನೋಡೋಕೆ ಎಷ್ಟು ಚಂದ!

ಆದರೆ ನಿಜವಾದ ಹಲಗೆಗೆ ಹೋದಾಗ ಒಂದು ಅನುಮಾನ. ಜಿಗ್‌ನ ಎಡ ತುದಿಯಲ್ಲೂ ಬಲ ತುದಿಯಲ್ಲೂ ಹಲಗೆಯ ಅಂಚು ತಾಗಿಸಿ ನಿಲ್ಲಿಸೋ ತಡೆ ಇದೆ. ಯಾವ ಮೂಲೆಯನ್ನ ಯಾವ ಕಡೆ ಕತ್ತರಿಸ್ಬೇಕು? ಒಂದು ಡ್ರಾಯರಿನ ಹಿಂದಿನ ಹಲಗೆ ಮೇಲೆ ಕೆಳಗಾಗಿ ಕೂರ್ತಿದೆ.

ಕುಶಾಲನಗರ ವರ್ಕ್‌ಶಾಪ್:

ಒಂದೇ ನಿಯಮ: ಪ್ರತಿ ಹಲಗೆಯ ಕೆಳ ಅಂಚು ಯಾವಾಗಲೂ ತಡೆಗೆ ತಾಗಿರಬೇಕು. ಒಳಮುಖ ಕಾಣ್ತಾ ಇದ್ದು ಕೆಳ ಅಂಚು ತಡೆಗೆ ತಾಗಿದರೆ ಎಡವೋ ಬಲವೋ ಅನ್ನೋದು ತಾನಾಗೇ ಗೊತ್ತಾಗುತ್ತೆ. ಡ್ರಾಯರಿನ ಎದುರು ನಿಂತು ನೋಡಿದಂತೆ ಮುಂದಿನ ಎಡ ಮೂಲೆ ಮತ್ತು ಹಿಂದಿನ ಬಲ ಮೂಲೆ ಎಡ ತಡೆಗೆ ಬರುತ್ತೆ. ಮುಂದಿನ ಬಲ ಮೂಲೆ, ಹಿಂದಿನ ಎಡ ಮೂಲೆ ಬಲ ತಡೆಗೆ. ಕತ್ತರಿಸೋ ಮೊದಲು ನಾಲ್ಕು ಹಲಗೆಯನ್ನೂ ನೆಲದ ಮೇಲೆ ಪೆಟ್ಟಿಗೆಯಾಗಿ ನಿಲ್ಲಿಸಿ, ಒಳಮುಖದಲ್ಲಿ ಕೆಳ ಅಂಚಿನ ಹತ್ತಿರ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೂಲೆಗೊಂದು ಅಂಕಿ, ಒಂದೇ ಮೂಲೆಯ ಎರಡೂ ಹಲಗೆಗೆ ಅದೇ ಅಂಕಿ. ನಾಲ್ಕು ಡ್ರಾಯರ್ ಅಂದರೆ ಹದಿನಾರು ಮೂಲೆ, ನೆನಪಿನ ಮೇಲೆ ಬಿಡೋ ವಿಷಯ ಅಲ್ಲ.

ಎಡ ತಡೆಯಲ್ಲಿ ಸರಿ ಬಂದದ್ದು ಬಲ ತಡೆಯಲ್ಲೂ ಸರಿ ಬರುತ್ತೆ ಅಂತ ಅಂದುಕೊಳ್ಳಬೇಡಿ. ಎರಡು ಹಲಗೆಯ ನಡುವೆ ಅರ್ಧ ಹೆಜ್ಜೆಯ (ಹಲ್ಲಿನ ಮಧ್ಯದಿಂದ ಮುಂದಿನದರ ಮಧ್ಯಕ್ಕಿರೋ ದೂರದ ಅರ್ಧ) ಓಸರ, ಅಂದರೆ 11 ಮಿಮೀ, ಕೊಡೋದು ಆ ತಡೆಗಳೇ. ಒಂದೊಂದು ಕಡೆಯೂ ಚೂರು ಕತ್ತರಿಸಿ, ಜೋಡಿಸಿದಾಗ ಎರಡು ಹಲಗೆಯ ಕೆಳ ಅಂಚು ಒಂದೇ ಸಾಲಿಗೆ ಬರುತ್ತಾ ನೋಡಿ. ರೌಟರಿನ ಹಿಡಿಕೆಯನ್ನೂ ಕೊನೆವರೆಗೆ ಒಂದೇ ದಿಕ್ಕಿಗೆ ಇಟ್ಟುಕೊಳ್ಳಿ. ಬುಷ್ ನಡುಮಧ್ಯಕ್ಕೆ ಸರಿಯಾಗಿ ಕೂರದ ರೌಟರ್‌ಗಳೇ ಜಾಸ್ತಿ, ತಿರುಗಿಸಿದಷ್ಟೂ ಅಳತೆ ಬದಲಾಗುತ್ತೆ.

ನಾಪೋಕ್ಲು ಕೈಗೆಲಸ:

ನಾನು ಉಳಿ ಗರಗಸದವನು. ಜಿಗ್ ಮೇಲೆ ನನಗೇನೂ ಸಿಟ್ಟಿಲ್ಲ, ಆದರೂ ಒಂದು ಸಂಗತಿ ಹೇಳಲೇಬೇಕು. ಕೈಯಲ್ಲಿ ಮಾಡುವಾಗ ನಾವು ಮೆದು ಮರಕ್ಕೆ ಆರಕ್ಕೆ ಒಂದು, ಗಟ್ಟಿ ಮರಕ್ಕೆ ಎಂಟಕ್ಕೆ ಒಂದು ಓರೆ ಇಡುತ್ತೇವೆ. 14 ಡಿಗ್ರಿ ಅಂದರೆ ನಾಲ್ಕಕ್ಕೆ ಒಂದು, ಬಹಳ ಓರೆ. ಬಾಲದ ಮೂಲೆಯಲ್ಲಿ ನಾರು ಗಿಡ್ಡ ಆಗುತ್ತದೆ, ಸಿಲ್ವರ್ ಓಕಿನಂಥ ಮರದಲ್ಲಿ ಆ ಚೂಪು ಬೇಗ ಮುರಿಯುತ್ತದೆ. ಪಕ್ಕದ ಹಲಗೆಗೆ ಹೊನ್ನೆಯೋ ಹೆಬ್ಬಲಸೋ ಸಿಕ್ಕರೆ ಅದನ್ನೇ ಹಾಕಿ, ಸಿಲ್ವರ್ ಓಕನ್ನ ಮುಂಭಾಗಕ್ಕೆ ಇಟ್ಟುಕೊಳ್ಳಿ. ಅದರ ಹೂವಿನಂಥ ಚುಕ್ಕೆ ಮುಂದೆಯೇ ಕಾಣಬೇಕು. ಇಲ್ಲವಾದರೆ 8 ಡಿಗ್ರಿಯ ಬಿಟ್ ಹಾಕಿದರೆ ಆಗುವುದಿಲ್ಲವೆ?

ಕುಶಾಲನಗರ ವರ್ಕ್‌ಶಾಪ್:

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. 14 ಡಿಗ್ರಿ ಇರೋದು ಜಿಗ್‌ನ ಅನುಕೂಲಕ್ಕೆ, ಕಡಿಮೆ ಆಳದಲ್ಲಿ ಹಿಡಿತ ಸಿಗಲಿ ಅಂತ. ಆದರೆ ಈ ಟೆಂಪ್ಲೇಟಿಗೆ 8 ಡಿಗ್ರಿ ಬಿಟ್ ಆಗಲ್ಲ. ಬೆರಳುಗಳ ಅಗಲ ಮೊದಲೇ ನಿಗದಿಯಾಗಿರೋದರಿಂದ ಓರೆ ಕಡಿಮೆಯಾದಷ್ಟೂ ಅದೇ ಬಿಗಿ ಬರೋಕೆ ಆಳ ಜಾಸ್ತಿ ಬೇಕು. ಅದೇ ಅಗಲದ 8 ಡಿಗ್ರಿ ಬಿಟ್‌ಗೆ 9.5 ಮಿಮೀ ಆಳ 17ರ ಹತ್ತಿರ ಹೋಗುತ್ತೆ. ಇವರ ಮುಂಭಾಗದ ಹಲಗೆ ಕೀಸಿದ ಮೇಲೆ 19 ಮಿಮೀ ಇದ್ದರೆ ಹೆಚ್ಚು, ಎದುರಿಗೆ ಎರಡು ಮಿಮೀ ತೊಗಟೆ ಮಾತ್ರ ಉಳಿಯುತ್ತೆ. ಹಾಗಾಗಿ ಬಿಟ್ ಅದೇ ಇರಲಿ, ಮರ ಬದಲಿಸಿ ಅಂದಿರಲ್ಲ, ಅದೇ ಸರಿಯಾದ ದಾರಿ. ತೋಟದಲ್ಲಿ ಬಿದ್ದ ಹಲಸಿನ ಕೊಂಬೆ ಇದ್ದರೂ ಸಾಕು, ಡ್ರಾಯರಿನ ಪಕ್ಕಕ್ಕೆ ಹಲಸು ಬಹಳ ಒಳ್ಳೇದು, ಮೂಲೆ ಮುರಿಯಲ್ಲ.

ಗೋಣಿಕೊಪ್ಪದವರು ಒಣಗಿಸಿದ ಬಗ್ಗೆ ಬರೆದಿಲ್ಲ, ನಾನು ಅದನ್ನ ಕೇಳದೆ ಬಿಡಲ್ಲ. ಹಲಗೆಗಳ ನಡುವೆ ರೀಪು ಇಟ್ಟು ನೆರಳಲ್ಲಿ ಪೇರಿಸಿದ್ದೀರಾ? ಕಾಫಿ ಕಣದಲ್ಲಿ ಜಾಗ ಇದೆ ಅಂತ ನೇರ ಬಿಸಿಲಿಗೆ ಹಾಕಿದರೆ ತುದಿ ಒಡೆಯುತ್ತೆ, ಮೈ ಡೊಂಕಾಗುತ್ತೆ. ಒಣಗಿದ ಮೇಲೂ ಮರ ಸುಮ್ಮನಿರಲ್ಲ. ಕುಶಾಲನಗರ ಒಣ ಜಾಗ, ಭಾಗಮಂಡಲದ ಕಡೆ ಮಳೆಗಾಲ ಪೂರ್ತಿ ಗೋಡೆಯೇ ಒದ್ದೆ. ಇಲ್ಲಿ ಮಾಡಿಕೊಟ್ಟ ಡ್ರಾಯರ್ ಅಲ್ಲಿ ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ಎಳೆಯೋಕೆ ಬರ್ತಿಲ್ಲ ಅಂತ ಫೋನ್ ಬರೋದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರೋದೇ.

ಇದರಲ್ಲಿ ಡವ್‌ಟೇಲಿನ ತಪ್ಪು ಏನೂ ಇಲ್ಲ. ಮೂಲೆಯ ಎರಡೂ ಹಲಗೆಯ ನಾರು ಉದ್ದಕ್ಕೇ ಇರೋದರಿಂದ ಎರಡೂ ಎತ್ತರದಲ್ಲಿ ಒಟ್ಟಿಗೆ ಊದುತ್ತೆ, ಒಟ್ಟಿಗೆ ಕುಗ್ಗುತ್ತೆ, ಜೋಡಣೆ ಬಿಡಲ್ಲ. ಇಷ್ಟು ವರ್ಷ ಹಳೇ ಪೆಟ್ಟಿಗೆಗಳ ಮೂಲೆ ನಿಂತಿರೋದು ಇದರಿಂದಲೇ. ಆದರೆ ಡ್ರಾಯರ್ ಒಟ್ಟಾರೆ ಎತ್ತರ ಆಗುತ್ತೆ. ಈಗ ಬೇಸಿಗೆಯಲ್ಲಿ ಮಾಡ್ತಿದ್ದೀರಿ ಅಂದರೆ 133 ಮಿಮೀ ಡ್ರಾಯರ್‌ಗೆ ಮೇಲೆ ಎರಡೂವರೆ ಮೂರು ಮಿಮೀ ಸಂದು ಬಿಡಿ. ಜುಲೈನಲ್ಲಿ ಮಾಡಿದ್ದರೆ ಒಂದು ಮಿಮೀ ಸಾಕಿತ್ತು. ಆ ಸಂದನ್ನ ಕೊಡೋಕೆ ಪೆಟ್ಟಿಗೆಯ ಕಿಂಡಿಯನ್ನ ದೊಡ್ಡದು ಮಾಡಿ. ಡ್ರಾಯರ್ ಕೀಸಿದರೆ ಇಷ್ಟು ಕಷ್ಟಪಟ್ಟು ತಂದ ಅರ್ಧ ಹಲ್ಲು ಕೆಡುತ್ತೆ.

ಗೋಣಿಕೊಪ್ಪ ತೋಟದವ:

ಹಲಗೆಗಳು ಶೆಡ್ಡಲ್ಲಿ ರೀಪಿನ ಮೇಲೇ ಇದ್ವು ಅಣ್ಣ, ಅಪ್ಪ ಪೇರಿಸಿ ಇಟ್ಟಿದ್ದು. ಪಕ್ಕಕ್ಕೆ ಹಲಸಿನ ಹಲಗೆ ಮನೇಲೇ ಉಂಟು, ಅದನ್ನೇ ಕೀಸ್ತೀನಿ. ಕೊನೇ ಪ್ರಶ್ನೆ: ತಳಕ್ಕೆ 6 ಮಿಮೀ ಪ್ಲೈವುಡ್ ಹಾಕ್ತೀನಿ. ಅದು ಕೂರೋ ಗಾಡಿ (ಹಲಗೆಯಲ್ಲಿ ಉದ್ದಕ್ಕೆ ಕೊರೆಯೋ ಕಾಲುವೆ) ಎಲ್ಲಿ ಹಾಕ್ಬೇಕು? ತುದೀಲಿ ತೂತು ಕಾಣಬಾರದು.

ಕುಶಾಲನಗರ ವರ್ಕ್‌ಶಾಪ್:

ಅತಿ ಕೆಳಗಿನ ಬಾಲದ ನಡುಮಧ್ಯಕ್ಕೆ. ಕೆಳ ಅಂಚಿನಿಂದ ಆ ಬಾಲದ ಮಧ್ಯ 11 ಮಿಮೀ, ಅಂದರೆ 6 ಮಿಮೀ ಗಾಡಿ 8 ರಿಂದ 14ರವರೆಗೆ. ಪಕ್ಕದ ಹಲಗೆಯಲ್ಲಿ ಅದು ಬಾಲದ ತುದಿಗೆ ಹೋಗಿ ಮುಗಿಯುತ್ತೆ, ಬಾಲ ಗೂಡೊಳಗೆ ಕೂರೋದರಿಂದ ಹೊರಗೆ ಕಾಣಲ್ಲ. ಮುಂಭಾಗದ ಹಲಗೆಯ ಗಾಡಿ ಗೂಡಿಗೇ ಬಂದು ಸೇರುತ್ತೆ, ಅದನ್ನ ಬಾಲ ಮುಚ್ಚುತ್ತೆ. ಡವ್‌ಟೇಲ್ ಕತ್ತರಿಸಿದ ಮೇಲೆ, ಅಂಟು ಹಾಕೋ ಮೊದಲು ಗಾಡಿ ಹೊಡೆಯಿರಿ, ಬಾಲ ಎಲ್ಲಿದೆ ಅಂತ ಕಣ್ಣಿಗೆ ಕಾಣ್ತಾ ಇರುತ್ತೆ. ಅದೇ 6 ಮಿಮೀ ಪ್ಲೈವುಡ್ ಚೂರನ್ನ ತೂರಿಸಿ ನೋಡಿ, ಅಂಗಡಿಯ 6 ಮಿಮೀ ಹಲವು ಸಲ ಐದೂವರೆ ಇರುತ್ತೆ.

ಅಂಟನ್ನ ಬಾಲದ ಕೆನ್ನೆಗಳಿಗೆ ತೆಳ್ಳಗೆ ಸವರಿ, ಗೂಡಿನ ತಳಕ್ಕೆ ತುಂಬಬೇಡಿ. ನಾಲ್ಕು ಮೂಲೆ ಕೂರಿಸಿ, ಕರ್ಣ ಎರಡೂ ಅಳೆದು ಸಮ ಇದೆಯಾ ನೋಡಿ ಕ್ಲಾಂಪ್ ಹಾಕಿ. ಪ್ಲೈವುಡ್ ಗಾಡಿಯೊಳಗೆ ಸುಮ್ಮನೆ ಕೂತಿರಲಿ, ಅದಕ್ಕೆ ಅಂಟು ಬೇಡ.